ಅಕ್ಕನಿಗೆ ಕೇಳಿಸಿದ್ದ ಸದ್ದು

ಅಕ್ಕ, ಆ ಸದ್ದಿನ ಪರೀಕ್ಷೆಯಲ್ಲಿ ನೀನು ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದೆ ಎಂದು ಹೇಳಿದ್ದು ನಾನು — ಸುಳ್ಳು ಹೇಳಿದ್ದೆ.

ಬೋಳಾರದ ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಕಂಪ್ಯೂಟರ್. ನನಗೆ ಅದು ಚರ್ಚಾಸ್ಪರ್ಧೆಯ ತಯಾರಿಗೆ, ಆಟಕ್ಕೆ. ನೀನು ಅದರಲ್ಲೇ ತುಳು ನಾಟಕಗಳ ರೆಕಾರ್ಡಿಂಗಿನಿಂದ ಪ್ರೇಕ್ಷಕರ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ ತೆಗೆದು ಧ್ವನಿ ಹದಗೊಳಿಸುತ್ತಿದ್ದೆ. ಒಂದು ಸಂಜೆ ನೀನು ಹೆಡ್‌ಫೋನ್ ತೆಗೆದಿಟ್ಟೆ.

"ಪ್ರೊಸೆಸರ್ ತಣ್ಣಗೆ ಮಾಡುವ ಲಿಕ್ವಿಡ್ ಕೂಲರ್ ಉಂಟಲ್ಲ, ಅದರ ಪಂಪು ಗುಳುಗುಳು ಅಂತದೆ. ಒಳಗೆ ಗಾಳಿ ಸೇರಿದೆ ಕಾಣ್ತದೆ. ಹೊಸದು, ಒಳ್ಳೆಯದು ಹಾಕುವ."

"ಸಾಕ್ಷಿ ಎಂತ ಉಂಟು?"

"ಕೇಳ್ತದಲ್ಲ ಮಾರಾಯ!"

"ನಿನಗೆ ಕೇಳ್ತದೆ. ಒಬ್ಬಳ ಕಿವಿ ಸಾಕ್ಷಿ ಆಗುವುದಿಲ್ಲ."

ಕೂಲರ್ ಅಪ್‌ಗ್ರೇಡ್ ಎಂಬುದೇ ಕಂಪನಿಯವರು ಎರಚುವ ಮಂಕುಬೂದಿ ಎಂದು ನಾನು ವಾದ ಹೂಡಿದೆ. ಅಡುಗೆಮನೆಯಿಂದ ಅಮ್ಮ ಕೂಗಿದರು: "ಒಂದು ಕೂಲರಿಗೆ ಇಷ್ಟು ಭಾಷಣವಾ? ಇಲ್ಲಿ ಗಂಜಿ ಕೂಲರ್ ಇಲ್ಲದೆಯೇ ತಣ್ಣಗಾಯ್ತು!"

ಪರೀಕ್ಷೆಯ ಯೋಚನೆಯೂ ನನ್ನದೇ. ನೀನು ಗೋಡೆಗೆ ಮುಖ ಮಾಡಿ ಕೂರಬೇಕು. ನಾನು ಪಂಪಿನ ವೇಗ ಏರಿಸಿ ಇಳಿಸುತ್ತೇನೆ. ಏರಿದಾಗ ಗುಳುಗುಳು ಕೇಳಿದರೆ ನೀನು ಹೇಳಬೇಕು. "ಈಗ ಉಂಟು... ಈಗ ಇಲ್ಲ... ಈಗ ಉಂಟು." ಪ್ರತಿ ಸಲವೂ ಸರಿ. ನನಗೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ — ನಿನಗೆ, ಗೋಡೆ ಕಡೆ ತಿರುಗಿ ಕೂತರೂ, ಎಲ್ಲ ಕೇಳಿಸುತ್ತಿತ್ತು.

"ಅರ್ಧಕ್ಕರ್ಧ ತಪ್ಪು, ಅಕ್ಕ. ನಾಣ್ಯ ಚಿಮ್ಮಿದರೂ ಇಷ್ಟೇ ಬರ್ತದೆ."

ಬೇರೆ ಕಾರಣವಿರಲಿಲ್ಲ. ವಾದದಲ್ಲಿ ಸೋಲಲು ನನಗೆ ಇಷ್ಟವಿರಲಿಲ್ಲ — ಅಷ್ಟೆ. ನೀನು ನಕ್ಕೆ, ನಂಬಿದೆ. ಎಲ್ಲದಕ್ಕೂ ಪುರಾವೆ ಕೇಳುವವನು ಪುರಾವೆಯನ್ನೇ ತಿರುಚಿಯಾನು ಎಂದು ನಿನಗೆ ಹೊಳೆಯಲಿಲ್ಲ. ಕೂಲರ್ ಹಾಗೇ ಉಳಿಯಿತು.

ಸ್ವಲ್ಪ ದಿನಗಳಲ್ಲೇ ನೀನು ನಾಟಕದವರಿಗೆ ಫೋನಿನಲ್ಲಿ ಹೇಳುವುದು ಕಿವಿಗೆ ಬಿತ್ತು: "ಈ ಕೆಲಸ ಬೇರೆ ಯಾರಿಗಾದ್ರೂ ಕೊಡಿ. ನನಗೆ ಇಲ್ಲದ ಸದ್ದೆಲ್ಲ ಕೇಳ್ತದೆ."

ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆಮೇಲೆ ಪಂಪು ನಿಂತು, ಕಂಪ್ಯೂಟರ್ ಕಾದು ಆಫ್ ಆದಾಗಲೂ ನಾನು ವಾದಿಸಿದೆ — ಹಳೆಯದಾದರೆ ಯಾವುದೂ ಹಾಳಾಗುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ನೀನು ತಲೆಯಾಡಿಸಿದೆ. ಹೆಡ್‌ಫೋನ್ ಕಪಾಟು ಸೇರಿತು. ಈಗ ನೀನು ಬೈಕಂಪಾಡಿಯ ಗೋದಾಮೊಂದರಲ್ಲಿ ಬಿಲ್ ಮಾಡುತ್ತೀಯ. ನಾಟಕದ ಮಾತನ್ನೇ ಎತ್ತುವುದಿಲ್ಲ.

ಇಷ್ಟು ವರ್ಷಗಳ ಮೇಲೆ ಮೊನ್ನೆ ಮತ್ತೆ ಅದೇ ಪ್ರಶ್ನೆ — ಈಗಿನ ಕೂಲರ್ ಬದಲಿಸಬೇಕೇ, ಇದೇ ಸಾಕೇ? ನೀನು ಬಗ್ಗಿ ಕಿವಿಗೊಟ್ಟೆ. ಏನೋ ಕೇಳಿಸಿದಂತೆ ನಿನ್ನ ಹುಬ್ಬು ಗಂಟಿಕ್ಕಿತು. ಮರುಕ್ಷಣವೇ ಹಿಂದೆ ಸರಿದೆ.

"ನೀನೇ ಕೇಳಿ ಹೇಳು ಮಾರಾಯ. ನನ್ನ ಕಿವಿ ನಂಬ್ಲಿಕ್ಕಾಗುದಿಲ್ಲ."

ನಾನು ಬಗ್ಗಿದೆ. ನನಗೆ ಅಂದಿನಂತೆಯೇ ಏನೂ ಕೇಳಿಸಲಿಲ್ಲ.

ಈ ಪತ್ರವನ್ನು ಇವತ್ತೇ ನಿನ್ನ ಕೈಗೆ ಕೊಡುತ್ತೇನೆ. ಓದಿದ ಮೇಲೆ ನೀನು ಏನು ಹೇಳಿದರೂ — ಎದುರು ವಾದಿಸುವುದಿಲ್ಲ.