ನೆರಳಿಗೆ ಬಂದ ಲಲಿತಕ್ಕ

ಮಟಮಟ ಮಧ್ಯಾಹ್ನ, ಬೀದಿಯ ನಟ್ಟನಡುವೆ ಒಬ್ಬ ಹೆಂಗಸು ಒದ್ದೆ ರೇಷ್ಮೆ ನೂಲಿನ ಲಡಿಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಸೂರ್ಯನಿಗೆ ಹಿಡಿದು ನಿಂತಿದ್ದರು. ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಮದುವೆಯಾಗಿ ನಾನು ದೊಡ್ಡಬಳ್ಳಾಪುರದ ಆ ಬೀದಿಗೆ ಬಂದ ದಿನ ನಮ್ಮ ಕಾರು ಅವರ ಹಿಂದೆ ಬಂದು ನಿಂತಿತು. ಡ್ರೈವರ್ ಹಾರ್ನ್ ಹೊಡೆದ. ಅವರು ತಿರುಗಲಿಲ್ಲ. ಮತ್ತೆ ಹೊಡೆದ.

"ತಡಿಯಪ್ಪಾ, ಬಣ್ಣ ನೋಡ್ತಾ ಇದೀನಿ. ಬಿಸಿಲು ನಿಮ್ಮಪ್ಪಂದಾ, ಕರೆದಾಗ ಬರೋಕೆ?" ಎಂದರು.

ಪಕ್ಕದಲ್ಲಿದ್ದ ನನ್ನ ಗಂಡ ಸುಬ್ರಮಣಿ, "ನಮ್ಮಕ್ಕ" ಎಂದು ಮೆಲ್ಲಗೆ ಹೇಳಿದರು. ಛತ್ರದ ಗಲಾಟೆಯಲ್ಲಿ ನನಗೆ ಅವರ ಮುಖ ಸರಿಯಾಗಿ ಗುರುತಾಗಿರಲಿಲ್ಲ. ನಮಗಿಂತ ಮೊದಲೇ ಮನೆಗೆ ಬಂದು, ಆರತಿ ತಟ್ಟೆ ಸಿದ್ಧಮಾಡಿಟ್ಟು, ನಾವು ಬರುವುದರೊಳಗೆ ಒಂದು ಲಡಿ ನೋಡಿಬಿಡೋಣವೆಂದು ಅವರು ಬೀದಿಗೆ ಇಳಿದಿದ್ದರು. ನನಗೆ ಆರತಿ ಎತ್ತಿದ ಅವರ ಬೆರಳುಗಳು ಉಗುರಿನ ಬುಡದವರೆಗೂ ನೇರಳೆಯಾಗಿದ್ದವು.

ಲಲಿತಕ್ಕ ಬಣ್ಣ ಹಾಕುವವರು. ಮನೆಯ ಹಿಂದೆ ತಗಡಿನ ಚಾವಣಿಯ ಕೆಳಗೆ ಎರಡು ಒಲೆ, ನಾಲ್ಕಾರು ಹಂಡೆ, ನೂಲು ಒಣಹಾಕುವ ಬಿದಿರಿನ ಗಳುಗಳು. ಊರಿನ ಮಗ್ಗದವರು ನೂಲು ತಂದುಕೊಟ್ಟು ಬೇಕಾದ ಬಣ್ಣ ಹೇಳಿಹೋಗುತ್ತಿದ್ದರು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವರು, ತಮ್ಮ ತಂದೆಯ ಹಂಡೆಗಳ ಮುಂದೆ ಕೂತರಂತೆ. ಮತ್ತೆ ಎದ್ದಿರಲಿಲ್ಲ. ಗಂಡ ಸತ್ತವರು ಆರತಿ ಎತ್ತಬಾರದೆಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಬಣ್ಣ ಹಾಕಿದ ನೂಲನ್ನು ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಬಣ್ಣ ಮಾಸುತ್ತದೆ. ಆದರೆ ಬಣ್ಣ ಸರಿಯಾಗಿದೆಯೋ ಇಲ್ಲವೋ ನೋಡುವುದು ಬಿಸಿಲಲ್ಲಿ. ಹೀಗಾಗಿ ನೂಲೆಲ್ಲ ಚಾವಣಿಯ ಕೆಳಗೆ ತಂಪಾಗಿ ಇರುತ್ತಿತ್ತು, ಲಲಿತಕ್ಕ ದಿನವಿಡೀ ಹೊರಗೆ ನಿಂತು ಸುಡುತ್ತಿದ್ದರು.

ಅವರ ಬಣ್ಣಗಳಿಗೆ ಅಂಗಡಿಯ ಹೆಸರುಗಳಿರಲಿಲ್ಲ. ಬಸಳೆಹಣ್ಣು, ಹಳೆ ತಾಮ್ರದ ಚೊಂಬು, ಎಳೆ ಮಾವಿನ ಚಿಗುರು, ಸುಬ್ಬುಗೆ ಕೋಪ ಬಂದಾಗಿನ ಕಿವಿ. ಕೊನೆಯದು ನನ್ನ ಗಂಡನದು. ಅದೊಂದು ಕೆಂಪು ನಿಜವಾಗಿಯೂ ಇತ್ತು. ಮಗ್ಗದವರು ಬಂದು, "ಅಕ್ಕಾ, ಸುಬ್ಬಣ್ಣನ ಕಿವಿ ಅರ್ಧ ಕೇಜಿ ಹಾಕ್ಕೊಡಿ" ಎಂದು ಕೇಳುತ್ತಿದ್ದರು. ಗಂಡ ಎದ್ದು ಹೊರಗೆ ಹೋಗುತ್ತಿದ್ದರು.

ಒಮ್ಮೆ ಜಡಿಗೇನಹಳ್ಳಿ ಕಡೆಯಿಂದ ತಾಯಿ ಮಗಳು ಬಂದರು. ಮಗಳ ನಿಶ್ಚಿತಾರ್ಥದ ಸೀರೆಗೆ ಬೇಕಾದ ಬಣ್ಣದ ಫೋಟೋ ಮೊಬೈಲಿನಲ್ಲಿತ್ತು. ಲಲಿತಕ್ಕ ಮೊಬೈಲನ್ನು ಇಸಿದುಕೊಂಡು ನೆಟ್ಟಗೆ ಅಂಗಳಕ್ಕೆ ನಡೆದು, ಲಡಿ ಹಿಡಿದಂತೆಯೇ ಅದನ್ನೂ ಬಿಸಿಲಿಗೆ ಎತ್ತಿ ಹಿಡಿದರು. ಆ ಕಡೆ ಈ ಕಡೆ ತಿರುಗಿಸಿದರು.

"ಏನಮ್ಮಾ ಇದು, ಇದ್ರಲ್ಲಿ ನನ್ನ ಮೂತಿ ಕಾಣ್ತದೆ ಹೊರ್ತು ಬಣ್ಣ ಕಾಣಲ್ಲ."

ಹುಡುಗಿ ನಕ್ಕಳು. "ನೆರಳಲ್ಲಿ ನೋಡ್ಬೇಕು ಆಂಟಿ."

"ನೆರಳಲ್ಲಿ ಎಲ್ಲಾನೂ ಚೆನ್ನಾಗೇ ಕಾಣ್ತದೆ ಕಣಮ್ಮಾ. ಗಂಡನ್ನ ನೆರಳಲ್ಲಿ ನೋಡಿ ಒಪ್ಕೊಂಡ್ಯೋ, ಬಿಸಿಲಲ್ಲಿ ನೋಡಿ ಒಪ್ಕೊಂಡ್ಯೋ?"

ತಾಯಿಗೆ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಲಗ್ನಗಳು ಒತ್ತೊತ್ತಾಗಿ ಬಂದವು. ಲಲಿತಕ್ಕನಿಗೆ ಅರವತ್ತು ದಾಟಿತ್ತು. ಸರಿಯಾಗಿ ನಿದ್ದೆಯಿಲ್ಲ, ಊಟ ನಿಂತಲ್ಲೇ, ಹಗಲೆಲ್ಲ ಲಡಿ ಹಿಡಿದು ತಾರಸಿಯ ಬಿಸಿಲಲ್ಲಿ. ಒಂದು ಮಧ್ಯಾಹ್ನ ಕೆಳಗೆ ಬಂದವರು ಹಣೆಯ ಬಲಭಾಗವನ್ನು ಅಂಗೈಯಲ್ಲಿ ಒತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತರು. ಬಾಚಣಿಗೆ ತಾಗಿದರೂ ಬೆಂಕಿ ಸೋಕಿದಂತೆ ಉರಿಯುತ್ತದೆ ಎಂದರು.

"ಆಸ್ಪತ್ರೆಗೆ ಹೋಗೋಣ ನಡೀರಿ ಅಕ್ಕ" ಎಂದೆ.

"ಬಿಸಿಲ ತಲೆನೋವಿಗೆಲ್ಲಾ ಆಸ್ಪತ್ರೆನಾ? ಒಂದು ಲೋಟ ಮಜ್ಜಿಗೆ ಕೊಡು. ಈ ನೂಲೊಂದು ಮುಗೀಲಿ."

ಆ ನೂಲು ಮುಗಿಯಿತು, ಇನ್ನೊಂದು ಬಂತು. ಅಷ್ಟರಲ್ಲಿ ಹಣೆಯ ಮೇಲೆ ಸಣ್ಣ ಸಣ್ಣ ನೀರುಗುಳ್ಳೆಗಳು ಎದ್ದವು. ಬಲಗಡೆ ಮಾತ್ರ. ಯಾರೋ ಹಣೆಯ ನಡುವೆ ಗೆರೆ ಎಳೆದು ಇದನ್ನು ದಾಟಬೇಡ ಎಂದು ಹೇಳಿದಂತೆ, ಎಡಕ್ಕೆ ಒಂದೂ ಇರಲಿಲ್ಲ. ರೆಪ್ಪೆಯ ಮೇಲೆ ಇಳಿದವು, ಮೂಗಿನ ತುದಿಗೂ ಬಂದವು. ಎದುರು ಮನೆಯ ಪುಟ್ಟಮ್ಮ ನೋಡಿದವರೇ ಬಾಯಿಗೆ ಸೆರಗು ಹಿಡಿದರು.

"ಅಯ್ಯೋ ಲಲಿತಾ, ಸರ್ಪಸುತ್ತು ಕಣೇ ಇದು! ಸುತ್ತಿಕೊಂಡು ಬಂದು ತಲೆನೂ ಬಾಲಾನೂ ಕೂಡಿಬಿಟ್ರೆ ಉಳಿಯಲ್ಲ."

ಕೆಮ್ಮಣ್ಣು ಅರೆದು ಹಚ್ಚುವವರೊಬ್ಬರನ್ನು ಪುಟ್ಟಮ್ಮನೇ ಕರೆದುಕೊಂಡು ಬಂದರು. ನಾನು ಬೇಡವೆಂದೆ. ಲಲಿತಕ್ಕ ನನಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿ ಹಣೆ ಒಡ್ಡಿದರು. ಆಮೇಲೆ ಕನ್ನಡಿ ನೋಡಿಕೊಂಡು, "ಈ ಕೆಂಪು ಚೆನ್ನಾಗಿದೆ ಕಣೇ, ಅಂಚಿಗೆ ಹಾಕ್ಬೋದು" ಎಂದರು. ನನ್ನ ಗಂಡ ದೇವರ ಮನೆಗೆ ಹೋಗಿ, ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಕಟ್ಟಿ, ಅರಿಶಿನದ ಬಟ್ಟೆಯಲ್ಲಿ ಕಾಸು ಗಂಟು ಹಾಕಿಟ್ಟರು. ಅವರು ಹುಟ್ಟಿದ್ದೇ ಅಲ್ಲಿಯ ಹರಕೆಯಿಂದ, ಹೆಸರೂ ಅಲ್ಲಿಯದೇ.

ಮಾರನೆಯ ಬೆಳಿಗ್ಗೆ ಬಲಗಣ್ಣು ತೆರೆಯಲೇ ಇಲ್ಲ. ಕೆಮ್ಮಣ್ಣಿನ ಕೆಳಗೆ ರೆಪ್ಪೆ ಊದಿ ಮುಚ್ಚಿಹೋಗಿತ್ತು. ಆಗ ಲಲಿತಕ್ಕನೇ ನನಗೆ, "ನಡಿ ಗಿರಿಜಾ" ಎಂದರು.

ಬೆಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬೈಯಲಿಲ್ಲ. ಒದ್ದೆ ಹತ್ತಿಯಲ್ಲಿ ತಾವೇ ಮಣ್ಣನ್ನೆಲ್ಲ ಒರೆಸಿದರು. ಮಾತ್ರೆ ಬರೆದುಕೊಟ್ಟು, ಇದನ್ನು ಗುಳ್ಳೆ ಕಂಡ ಕೂಡಲೇ ಶುರುಮಾಡಿದ್ದರೆ ಚೆನ್ನಾಗಿತ್ತು ಎಂದಷ್ಟೇ ಹೇಳಿದರು.

"ಚಿಕ್ಕೋರಿದ್ದಾಗ ಮೈಮೇಲೆ ಅಮ್ಮ ಎದ್ದಿತ್ತಾ, ಚಿಕನ್‌ಪಾಕ್ಸ್?"

"ನಂಗೂ ಅಕ್ಕಂಗೂ ಒಟ್ಟಿಗೇ ಎದ್ದಿತ್ತು ಮೇಡಂ" ಎಂದರು ನನ್ನ ಗಂಡ.

"ಆ ವೈರಸ್ಸೇ ಇದು. ಅಮ್ಮ ಇಳಿದರೂ ಅದು ಮೈ ಬಿಟ್ಟು ಹೋಗಿರಲ್ಲ. ನರದ ಬುಡದಲ್ಲಿ ಮಲಗಿರುತ್ತೆ. ಎಷ್ಟೋ ವರ್ಷ ಆದಮೇಲೆ ಎದ್ದು, ಆ ಒಂದು ನರದ ದಾರಿ ಹಿಡಿದು ಬರುತ್ತೆ. ಅದಕ್ಕೇ ಒಂದೇ ಕಡೆ."

"ಈಗ ಎದ್ದಿದ್ಯಾಕೆ?" ಲಲಿತಕ್ಕ ಕೇಳಿದರು.

"ವಯಸ್ಸು. ದಣಿವು. ನಿದ್ದೆ ಇಲ್ಲದೇ ಇರೋದು. ಕೆಲವರಿಗೆ ಜೋರು ಬಿಸಿಲೂ ಎಬ್ಬಿಸಬಹುದು ಅಂತಾರೆ."

"ನಂಗೆ ಬಿಸಿಲಿಂದಾನೇ ಬಂತಾ?"

"ಇರಬಹುದು. ಖಂಡಿತ ಅಂತ ಹೇಳೋಕಾಗಲ್ಲಮ್ಮ."

"ಇರಬಹುದು ಅಂದ್ರೆ ಏನು ತಾಯಿ? ಬಣ್ಣ ಕಚ್ಚಿದೆ, ಇಲ್ಲ ಕಚ್ಚಿಲ್ಲ. ನಾವು ಎರಡ್ರಲ್ಲಿ ಒಂದು ಹೇಳ್ತೀವಿ."

"ನಂಗೆ ಅಷ್ಟು ಗೊತ್ತಿಲ್ಲಮ್ಮ" ಎಂದರು ಡಾಕ್ಟರಮ್ಮ. ಲಲಿತಕ್ಕ ಮಾತ್ರೆಯ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಗುಳ್ಳೆ ಒಣಗಿತು, ಹಕ್ಕಳೆ ಉದುರಿತು, ಹಣೆಯಲ್ಲಿ ತಗ್ಗು ಕಲೆಗಳು ಉಳಿದವು. ಕಣ್ಣಿನ ಕರಿಗುಡ್ಡೆಯ ಮೇಲೆ ಹೊಗೆಯಂಥದ್ದೊಂದು ಮಚ್ಚೆ ನಿಂತಿತು. ಇನ್ನೊಮ್ಮೆ ತೋರಿಸಲು ಹೋದಾಗ ಡಾಕ್ಟರಮ್ಮ ಹತ್ತಿಯ ತುದಿಯನ್ನು ಎಳೆಯಾಗಿ ಹೊಸೆದು ಎಡಗಣ್ಣಿಗೆ ತಾಗಿಸಿದರು. ರೆಪ್ಪೆ ಪಟ್ಟನೆ ಮುಚ್ಚಿತು. ಬಲಗಣ್ಣಿಗೆ ತಾಗಿಸಿದರು. ಏನೂ ಆಗಲಿಲ್ಲ. ಹತ್ತಿಯ ಎಳೆ ಕಣ್ಣ ಮೇಲೇ ಇತ್ತು, ಲಲಿತಕ್ಕ ನಮ್ಮನ್ನು ನೋಡುತ್ತಿದ್ದರು.

"ಯಾವಾಗ ಮುಟ್ತೀರಾ?" ಎಂದು ಕೇಳಿದರು.

ನನ್ನ ಗಂಡ ಮುಖ ತಿರುಗಿಸಿದರು. ನಾನು ನೋಡುತ್ತಲೇ ಇದ್ದೆ. ಏನಾದರೂ ಅನಿಸಬೇಕಿತ್ತು, ಅನಿಸಲಿಲ್ಲ. ಗೋಡೆಯ ಮೇಲೆ ಅಕ್ಷರಗಳ ಪಟವಿತ್ತು, ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ.

ಮನೆಗೆ ಬಂದ ಮೇಲೆ ಲಲಿತಕ್ಕನಿಗೆ ಬಿಸಿಲು ಆಗಲಿಲ್ಲ. ಬಾಗಿಲಿಗೆ ಬಂದರೆ ಸಾಕು, ಸತ್ತುಹೋದಂತಿದ್ದ ಆ ಹಣೆಯೊಳಗಿಂದಲೇ ನೋವು ಎದ್ದು ಬರುತ್ತಿತ್ತು. ಮೇಲೆ ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ, ಒಳಗೆ ಸೂಜಿ ಆಡುತ್ತಿತ್ತು. ನಡುಮನೆಯ ಕಿಟಕಿಗೆ ಜಮಖಾನ ಕಟ್ಟಿ, ಅದರ ಕೆಳಗೆ ಚಾಪೆ ಹಾಸಿಕೊಂಡರು. ಜಗತ್ತಿನಲ್ಲಿ ಯಾವ ಹೊತ್ತಿಗೆ ಎಲ್ಲಿ ಬಿಸಿಲು ಬೀಳುತ್ತದೆಂದು ಗೊತ್ತಿದ್ದ ಹೆಂಗಸು ಅದರಿಂದ ತಪ್ಪಿಸಿಕೊಂಡು ಗೋಡೆಯಿಂದ ಗೋಡೆಗೆ ಚಾಪೆ ಎಳೆಯುತ್ತಿದ್ದರು.

ಗಂಡ ಘಾಟಿಗೆ ಹೋಗಿ ಹರಕೆ ತೀರಿಸೋಣವೆಂದು ಬೆನ್ನು ಹತ್ತಿದರು. "ಯಾವತ್ತೋ ಹಿತ್ತಲಲ್ಲಿ ಹಾವು ಹೊಡೆಸಿದ್ದೆ ನೀನು. ಅದರದ್ದೇ ಇದು."

"ಸುಬ್ಬೂ, ಹಾವಿನ ಮೇಲೆ ಹಾಕ್ಬೇಡ, ಬಿಸಿಲ ಮೇಲೂ ಹಾಕ್ಬೇಡ. ಯಾವುದೂ ಒಪ್ಕೊಂಡಿಲ್ಲ ಇನ್ನೂ" ಎಂದರು ಲಲಿತಕ್ಕ. ಆದರೂ ತಮ್ಮನ ಮುಖ ನೋಡಲಾಗದೆ ಮೋಡ ಕವಿದ ಒಂದು ದಿನ ಹೋಗಿಬಂದರು.

ಒಲೆ ಆರಿಸಲು ಅವರಿಗೆ ಮನಸ್ಸಿರಲಿಲ್ಲ. ಮೊದಮೊದಲು ಟ್ಯೂಬ್‌ಲೈಟಿನ ಕೆಳಗೇ ಬಣ್ಣ ನೋಡಿದರು. ಒಂದು ಸೀರೆಯ ಸೆರಗಿನ ನೂಲು ಒಂದು ಥರ, ಒಡಲಿನ ನೂಲು ಇನ್ನೊಂದು ಥರ ಬಂತು. ಮಗ್ಗದವರು ತಂದು ತೋರಿಸಿ, "ಪರವಾಗಿಲ್ಲ ಬಿಡಿ ಅಕ್ಕ, ಹೀಗೂ ಚೆನ್ನಾಗೇ ಕಾಣ್ತದೆ" ಎಂದು ಹೊತ್ತುಕೊಂಡು ಹೋದರು. ಅವರು ಜಗಳವಾಡಿದ್ದರೆ ಲಲಿತಕ್ಕ ತಡೆದುಕೊಳ್ಳುತ್ತಿದ್ದರೇನೋ. ಆ ಸಂಜೆ ಊಟ ಬೇಡವೆಂದರು.

ಆಮೇಲೆ ಬಿಸಿಲಿಗೆ ನಿಂತವಳು ನಾನು. ನಾನು ಅಂಗಳದಲ್ಲಿ ಲಡಿ ಎತ್ತಿ ಹಿಡಿಯುತ್ತಿದ್ದೆ, ಅವರು ಒಳಗಿನಿಂದ ಕೇಳುತ್ತಿದ್ದರು.

"ಏನ್ ಕಾಣ್ತದೆ?"

"ಕೆಂಪು."

"ಕೆಂಪು ಅಂತ ಕುರುಡೀನೂ ಹೇಳ್ತಾಳೆ. ಯಾವ ಕೆಂಪು?"

"ದಾಸವಾಳ."

"ಬೆಳಗ್ಗೆದಾ, ಸಾಯಂಕಾಲದ್ದಾ?"

ಮತ್ತೆ ನೋಡಿದೆ. "ಸಾಯಂಕಾಲದ್ದು. ಮುದುಡಿರೋದು."

"ಹಾಗಿದ್ರೆ ಎತ್ತಿಡು. ಬಣ್ಣ ಜಾಸ್ತಿ ಕುಡಿದ್ಬಿಟ್ಟಿದೆ."

ಹೀಗೆ ನಡೆಯಿತು. ನನಗೆ ಬಣ್ಣ ಕಲಿಯುವ ಆಸೆ ಎಂದೂ ಇರಲಿಲ್ಲ. ಆದರೂ ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ನಾವಿಬ್ಬರೂ ಮಾತಾಡಿದ್ದಕ್ಕಿಂತ ಹೆಚ್ಚು ಮಾತು ಆ ಬಾಗಿಲ ಒಳಗೂ ಹೊರಗೂ ಓಡಾಡಿತು. ಒಂದು ದಿನ ನೆತ್ತಿ ಸುಡುತ್ತಿದ್ದಾಗ ಅವರು ಬಣ್ಣ ಬಿಟ್ಟು ಬೇರೇನೋ ಕೇಳಿದರು.

"ಗಿರಿಜಾ, ನಿಂಗೂ ಅಮ್ಮ ಎದ್ದಿತ್ತಾ ಚಿಕ್ಕೋಳಿದ್ದಾಗ?"

"ಎದ್ದಿತ್ತು. ಯಾಕೆ ಅಕ್ಕ?"

"ಒಳಗೆ ಬಾ" ಎಂದರು.

"ಈ ಲಡಿ ಒಂದು..."

"ಒಳಗೆ ಬಾ ಅಂದೆ!"

ಹೋದೆ. ನನ್ನ ಹಣೆಯ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು. "ನಾಳೆಯಿಂದ ಬಿಸಿಲಿಗೆ ಹೋಗ್ಬೇಡ ನೀನು. ಒಲೆ ಆರಿಸಿಬಿಡೋಣ."

"ಬಿಸಿಲಿಂದಾನೇ ಅಂತ ಡಾಕ್ಟ್ರು ಹೇಳ್ಲಿಲ್ವಲ್ಲ ಅಕ್ಕ."

"ಇರಬಹುದು ಅಂದ್ರಲ್ಲ. ನಂಗಾದ್ರೆ ಅದು ಸಾಲ್ದು. ನಿಂಗೆ ಸಾಕು."

ಅವರ ಕೈ ನನ್ನ ಹಣೆಯ ಮೇಲೇ ಇತ್ತು. ಕೇಳಿ ನಾನು ಕರಗಬೇಕಾದ ಮಾತು. ನಾನು ಅವರ ಬಲಗಣ್ಣಿನಲ್ಲಿ ಸಿಕ್ಕಿಕೊಂಡಿದ್ದ ನೂಲಿನ ಸಣ್ಣ ಎಳೆಯನ್ನು ನೋಡುತ್ತಾ ನಿಂತಿದ್ದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಸೆರಗಿನ ತುದಿಯಿಂದ ತೆಗೆದೆ.

ಒಲೆ ಆರಲಿಲ್ಲ. ಎರಡು ದಿನ ಗಂಡನೂ ನಾನೂ ಹೇಳಿ ಹೇಳಿ ಒಪ್ಪಿಸಿದೆವು. ಅಂಗಳದಲ್ಲಿ ನಾಲ್ಕು ಬಿದಿರು ನೆಟ್ಟು ಬಿಳಿ ಪಂಚೆಯ ಚಪ್ಪರ ಕಟ್ಟಬೇಕು, ಅದರ ಕೆಳಗೆ ನಾನು ನಿಂತು ಕೈ ಮಾತ್ರ ಹೊರಗೆ ಚಾಚಬೇಕು ಎಂದು ಲಲಿತಕ್ಕ ಷರತ್ತು ಹಾಕಿದರು. ಗಂಡ ಕಟ್ಟಿದರು. ನಾನು ಒಂದು ಹೆಜ್ಜೆ ಆಚೆ ಇಟ್ಟರೆ ಒಳಗಿನಿಂದ ಗದರುತ್ತಿದ್ದರು. ನೆರಳು ಎಲ್ಲಿ ಮುಗಿಯುತ್ತದೆಂದು ಅಲ್ಲಿಂದಲೇ ಅವರಿಗೆ ಹೇಗೆ ತಿಳಿಯುತ್ತಿತ್ತೋ.

ಮೂರು ಬೇಸಿಗೆ ಹಾಗೆ ಕಳೆದವು. ಕಳೆದ ಆಷಾಢದಲ್ಲಿ, ಜಿಟಿಜಿಟಿ ಮಳೆಯ ದಿನ, ಮಧ್ಯಾಹ್ನ ಅವರ ಬಲಗಣ್ಣಿಗೆ ಔಷಧಿ ಬಿಟ್ಟೆ. ಹನಿ ಬಿದ್ದು ಕೆನ್ನೆಗೆ ಇಳಿದ ಮೇಲೆ, "ಬಿಟ್ಯಾ?" ಎಂದು ಕೇಳಿದರು. ಯಾವಾಗಲೂ ಹಾಗೆಯೇ. "ಬಿಟ್ಟೆ ಅಕ್ಕ" ಎಂದೆ. ಕಾಫಿ ಮಾಡು, ಸಕ್ಕರೆ ಜಾಸ್ತಿ ಹಾಕು ಎಂದರು. ನಾನು ಲೋಟ ಹಿಡಿದು ಬರುವಷ್ಟರಲ್ಲಿ ಗೋಡೆಗೆ ಒರಗಿದ್ದವರು ಹಾಗೇ ಪಕ್ಕಕ್ಕೆ ವಾಲಿದ್ದರು. ಹೃದಯ ನಿಂತಿದೆ ಎಂದು ಬಂದ ಡಾಕ್ಟರು ಹೇಳಿದರು. ಸರ್ಪಸುತ್ತಿಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ನಾವು ಕೇಳಿರಲಿಲ್ಲ.

ಗಂಡ ಅತ್ತರು. ಪುಟ್ಟಮ್ಮ ಬೀದಿಗೆಲ್ಲ ಕೇಳುವಂತೆ ಅತ್ತರು. ನಾನು ಹಿತ್ತಲಿಗೆ ಹೋಗಿ ಹಂಡೆಯಲ್ಲಿದ್ದ ನೂಲನ್ನು ಎತ್ತಿ, ಹಿಂಡಿ, ಗಳುವಿಗೆ ಹಾಕಿ ಬಂದೆ. ಬಿಟ್ಟರೆ ಕಲೆ ಕಲೆಯಾಗುತ್ತಿತ್ತು. ನೆಂಟರಲ್ಲಿ ಯಾರೋ, "ಎಂಥಾ ಕಲ್ಲು ಮನಸ್ಸು ನೋಡು ಇವಳದು" ಎಂದದ್ದು ಕೇಳಿಸಿತು. ಇರಬಹುದು ಅನ್ನಿಸಿತು.

ತಿಥಿ ಮುಗಿದು, ನಡುಮನೆಯಲ್ಲಿ ಚಾಪೆಯಿದ್ದ ಕಡೆ ಅಕ್ಕನ ಫೋಟೋಗೆ ಹಾರ ಹಾಕಿದ ಸ್ವಲ್ಪ ದಿನದ ಮೇಲೆ ಒಲೆ ಹಚ್ಚಿದೆ. ಒಂದು ಬೆಳಿಗ್ಗೆ ಚಪ್ಪರದ ಕೆಳಗೆ ಲಡಿ ಬಿಡಿಸುತ್ತಿದ್ದಾಗ, ಮಗಳ ಬಾಣಂತನಕ್ಕೆಂದು ಬಹಳ ದಿನ ಊರಿನಲ್ಲಿರದಿದ್ದ ಮಗ್ಗದ ಸರೋಜಮ್ಮ ನೂಲಿನ ಚೀಲ ಹಿಡಿದು ಬಂದರು. ಅಕ್ಕ ಹೋದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ಏನ್ ಗಿರಿಜಾ, ಅಕ್ಕ ಎಲ್ಲಿ?"

"ಒಳಗಿದ್ದಾರೆ" ಎಂದೆ.

ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು ಅದು. ಸರೋಜಮ್ಮ ಚೀಲವನ್ನು ಜಗುಲಿಯ ಮೇಲಿಟ್ಟು, ಚಪ್ಪಲಿ ಬಿಟ್ಟು, ಮೊಮ್ಮಗುವಿನ ಸುದ್ದಿಯನ್ನು ಹೊಸ್ತಿಲಲ್ಲೇ ಶುರುಮಾಡಿಕೊಂಡು, "ಅಕ್ಕಾ, ಹೆಣ್ಣು ಮಗು ಕಣ್ರೀ, ನಮ್ಮನೇಗೆ ಲಕ್ಷ್ಮಿ ಬಂದ್ಲು" ಎನ್ನುತ್ತಾ ನಡುಮನೆಯ ಕಡೆಗೆ ನಡೆದರು. ಅವರ ದನಿ ಇನ್ನೆರಡು ಮಾತು ಕೇಳಿಸಿತು. ಆಮೇಲೆ ನಿಂತಿತು.

ನಾನು ಲಡಿಯನ್ನು ಗಳುವಿಗೆ ಹಾಕಿ, ಕೈ ಒರೆಸಿಕೊಂಡು, ಒಳಗೆ ಹೋದೆ.