ಎರಡು ಕಂಪನಿಯ ರ್ಯಾಮ್

ನಿನ್ನೆ ಶಾಲೆಯಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಹೊಸ ರಬ್ಬರನ್ನು ನನ್ನ ಕೈಗಿಟ್ಟು, "ವಾಸನೆ ನೋಡಿ ಟೀಚರ್" ಎಂದಳು. ಸೆಂಟು ಹಾಕಿದ ಅಗ್ಗದ ರಬ್ಬರು. ಅವಳಿಗೆ ಅದು ಸ್ಟ್ರಾಬೆರಿ. ನನಗೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹಿಂದಿನ ಜೆರಾಕ್ಸ್ ಅಂಗಡಿ... ಬಿಸಿ ಕಾಗದ, ಊದುಬತ್ತಿ, ನಡುವೆ ಈ ರಬ್ಬರು.

ಆ ಅಂಗಡಿಯಾಕೆಯನ್ನು ಎಲ್ಲರೂ ಜೆರಾಕ್ಸ್ ಅಕ್ಕ ಎನ್ನುತ್ತಿದ್ದರು. ಪಾಸ್‌ಪೋರ್ಟ್ ಫೋಟೊ, ಆನ್‌ಲೈನ್ ಅರ್ಜಿ, ಎಲ್ಲಕ್ಕೂ ಒಂದೇ ಹಳೇ ಡೆಸ್ಕ್‌ಟಾಪು. ಅಕ್ಕ ನನ್ನ ಹಾಗೇ ಡಿ.ಎಡ್ ಮಾಡಿದವರು. ಆ ಸಲ ಟೀಚರ್ ಕೆಲಸಕ್ಕೆ ಅರ್ಜಿ ಕರೆದಾಗ ಅವರ ವಯಸ್ಸು ಮಿತಿಯ ಅಂಚಿಗೆ ಬಂದಿತ್ತು. ಮುಂದಿನ ಸಲ ಕರೆಯುವ ಹೊತ್ತಿಗೆ ಮೀರಿಯೇ ಹೋಗಿರುತ್ತಿತ್ತು. ಇದೊಂದೇ ಸಲ, ಆಮೇಲೆ ಇಲ್ಲ.

ಅರ್ಜಿಯ ಕಾಲ ಬಂತು, ಕಂಪ್ಯೂಟರು ಚುರುಕಾಗಿ ಓಡಲಿ ಎಂದು ಅಕ್ಕ ಅದಕ್ಕೆ ರ್ಯಾಮ್ ಹೆಚ್ಚಿಸಿಕೊಂಡರು. ಗೇಣುದ್ದವೂ ಇಲ್ಲದ ಹಸಿರು ಪಟ್ಟಿ, ಅಂಚಿಗೆ ಚಿನ್ನದ ಬಣ್ಣದ ಹಲ್ಲು. ಚಿಂತಾಮಣಿಯಿಂದ ತಂದ ಸೆಕೆಂಡ್ ಹ್ಯಾಂಡು. ಒಳಗಿದ್ದದ್ದು ಒಂದು ಕಂಪನಿಯದು, ತಂದದ್ದು ಇನ್ನೊಂದರದು. ಬೇರೆ ಬೇರೆ ಕಂಪನಿಯವು ಕೆಲವು ಸಲ ಹೊಂದುತ್ತವೆ, ಕೆಲವು ಸಲ ಇಲ್ಲ, ಒಂದೇ ಕಂಪನಿಯ ಜೋಡಿ ಸಿಗುವವರೆಗೆ ಕಾಯಿರಿ ಎಂದು ಕೊಟ್ಟವನೇ ಹೇಳಿದ್ದನಂತೆ. ಅಕ್ಕ ಕೇಳಬೇಕಲ್ಲ. "ಹಳೇದು ಇಷ್ಟು ವರ್ಷ ದುಡಿದಿದೆ ಕಣೇ. ಹೊಸದು ಬಂತು ಅಂತ ಎತ್ತಿ ಬಿಸಾಕಕ್ಕಾಗುತ್ತಾ? ಇಬ್ರೂ ಹೊಂದ್ಕೊಂಡು ಹೋಗ್ತಾರೆ ಬಿಡು" ಎಂದರು. ಅತ್ತೆ ಸೊಸೆಯ ಪಂಚಾಯ್ತಿ ಮಾಡಿದ ಹಾಗೆ.

ಮೊದಮೊದಲು ಹೊಂದಿಕೊಂಡೇ ಹೋದವು. ಎಂದೋ ಒಮ್ಮೆ ಪರದೆ ನೀಲಿಯಾಗಿ, ಯಂತ್ರ ತಾನಾಗೇ ಆಫ್ ಆಗಿ ಆನ್ ಆಗುತ್ತಿತ್ತು. ಅಕ್ಕ ಕಂಪ್ಯೂಟರಿನ ಡಬ್ಬ ಬಿಚ್ಚಿ, ಆ ಹಲ್ಲುಗಳನ್ನು ಸೆಂಟಿನ ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸುತ್ತಿದ್ದರು. ಸರಿಹೋಯಿತು ಅಂದುಕೊಳ್ಳುತ್ತಿದ್ದೆವು.

"ಮೊದಲು ನಿಮ್ಮದು ಹಾಕಿಬಿಡಿ ಅಕ್ಕ" ಎಂದು ನಾನು ಹೋದಾಗಲೆಲ್ಲ ರೇಗುತ್ತಿದ್ದೆ.

"ಅಂಗಡಿ ನಮ್ದೇ ಅಲ್ವೇನೇ? ಬಡಿಸೋರು ಕೊನೇ ಪಂಕ್ತಿಗೆ ಕೂತ್ಕೊಂಡ್ರಾಯ್ತು."

ಕೊನೇ ಪಂಕ್ತಿಗೆ ಎಷ್ಟೋ ಮದುವೆಗಳಲ್ಲಿ ಸಾರೂ ಉಳಿದಿರುವುದಿಲ್ಲ ಎಂದೆ. ನಕ್ಕುಬಿಟ್ಟರು.

ಕೊನೆಯ ದಿನ ಬಂತು. ಸಂಜೆ ಐದೂವರೆಗೆ ಅರ್ಜಿ ಬಂದ್. ಬೆಳಗಿನಿಂದಲೇ ಸಾದಲಿ ಕಡೆಯ ಹಳ್ಳಿಗಳಿಂದ ಹುಡುಗಿಯರು, ಕಂಕುಳಲ್ಲಿ ಕೂಸು ಹೊತ್ತವರು, ಸಾಲು ಬಾಗಿಲಾಚೆಗೂ ಬೆಳೆದಿತ್ತು. ನನ್ನದು ಮಧ್ಯಾಹ್ನದ ಒಳಗೇ ಮುಗಿಯಿತು, ಆದರೂ ಹೊರಡಲು ಮನಸ್ಸಾಗಲಿಲ್ಲ. ಊಟದ ಹೊತ್ತು ದಾಟಿದ ಮೇಲೆ ಕಂಪ್ಯೂಟರು ಕೈಕೊಡತೊಡಗಿತು. ಫೋಟೊ, ಸಹಿ ಅರ್ಜಿಗೆ ಹತ್ತಿಸುವ ಹೊತ್ತಿಗೆ ಸರಿಯಾಗಿ ಪರದೆ ನೀಲಿ. ಮತ್ತೆ ಹೆಸರಿನಿಂದ ಶುರು. ಅಕ್ಕ ಒಂದು ಪಟ್ಟಿಯನ್ನು ಕಿತ್ತರು. ನೀಲಿಯಾಗುವುದು ನಿಂತಿತು, ಆದರೆ ಒಂದೊಂದು ಪುಟ ತೆರೆಯುವುದರಲ್ಲಿ ಪ್ರಾಣ ಹೋಗುತ್ತಿತ್ತು. ಎರಡನ್ನೂ ಹಾಕಿದರು. ಓಡಿತು, ಮತ್ತೆ ನೀಲಿ. ಬೇರೆ ಅಂಗಡಿಗಳಲ್ಲೂ ಸಾಲು ರಸ್ತೆಗೆ ಬಂದಿತ್ತು. ನನ್ನ ಮೊಬೈಲಿನಲ್ಲಂತೂ ಆ ಪುಟ ತೆರೆಯಲೇ ಇಲ್ಲ.

ಮಗಳನ್ನು ಕರೆತಂದಿದ್ದ ಮುದುಕರೊಬ್ಬರು "ಅಯಿಂದಾ ಅಮ್ಮಾ?" ಎಂದು ತೆಲುಗಿನಲ್ಲಿ ಕೇಳುತ್ತಲೇ ಇದ್ದರು. "ಆಯ್ತು ತಾತ, ಆಯ್ತು" ಎನ್ನುತ್ತಾ ಅಕ್ಕ ಮತ್ತೆ ಹೆಸರಿನಿಂದ ತುಂಬುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ನಿಮ್ಮದು ಹಾಕ್ಕೊಳಿ. ಇವರಿಗೆಲ್ಲ ಇನ್ನೊಂದು ಸಲ ಇದೆ, ನಿಮಗಿಲ್ಲ" ಎಂದೆ, ಎಲ್ಲರಿಗೂ ಕೇಳುವ ಹಾಗೇ. ಮುದುಕರ ಮಗಳು ತಲೆ ತಗ್ಗಿಸಿ ಕುರ್ಚಿಯಿಂದ ಎದ್ದು ಪಕ್ಕಕ್ಕೆ ಸರಿದಳು. ಅವಳು ಹಾಗೆ ಸರಿದದ್ದೇ ಕೆಟ್ಟದ್ದಾಯಿತು. ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ.

"ಬಾರಮ್ಮ, ಕೂತ್ಕೋ. ನಿಂದು ಮುಗಿಸೋಣ" ಎಂದರು.

ಅವಳದು ಮುಗಿದಾಗ ಐದು ದಾಟಿತ್ತು. ಉಳಿದವರು ತಾವಾಗೇ ಹಿಂದೆ ಸರಿದು ಅಕ್ಕನಿಗೆ ದಾರಿ ಬಿಟ್ಟರು. ಅಕ್ಕ ಹೆಸರು, ಹುಟ್ಟಿದ ದಿನ, ಅಂಕಗಳು, ಎಲ್ಲ ತುಂಬಿದರು. ಫೋಟೊ ಹತ್ತಿತು. ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ, ತಮ್ಮದೇ ಅಂಗಡಿಯಲ್ಲಿ ತೆಗೆಸಿಕೊಂಡದ್ದು. ಇನ್ನು ಸಹಿಯೊಂದು ಬಾಕಿ. ನಾನು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ...

ಪರದೆ ನೀಲಿಯಾಯಿತು.

ಅಕ್ಕ ಡಬ್ಬದೊಳಗೆ ಕೈ ಹಾಕಿ ಎರಡನ್ನೂ ಕಿತ್ತು, ಮಡಿಲಲ್ಲಿಟ್ಟುಕೊಂಡು, ರಬ್ಬರಿನಿಂದ ಉಜ್ಜತೊಡಗಿದರು. ಗೋಡೆಯ ಗಡಿಯಾರ ಐದೂವರೆ ದಾಟಿತು. ಆಮೇಲೂ ಉಜ್ಜುತ್ತಲೇ ಇದ್ದರು. ಸೀರೆಯ ಮೇಲೆಲ್ಲ ರಬ್ಬರಿನ ಪುಡಿ. "ಸಾಕು ಬಿಡಿ ಅಕ್ಕ" ಎಂದು ಕೈ ಹಿಡಿದೆ. ಕೊಸರಿಕೊಂಡು ಮತ್ತೆ ಉಜ್ಜಿದರು. ಆ ಹಾಳು ಪಟ್ಟಿಗಳನ್ನು ಕಿತ್ತುಕೊಂಡು ಚರಂಡಿಗೆ ಎಸೆಯಬೇಕೆನ್ನಿಸಿತು. ಎಸೆದರೆ ಏನು ಬಂತು?

ನನಗೆ ಕೆಲಸ ಸಿಕ್ಕಿತು, ಗೌರಿಬಿದನೂರಿನ ನಗರಗೆರೆ ಕಡೆ. ಸೇರಿದ ಮೇಲೆ ಸಿಹಿ ಹಿಡಿದುಕೊಂಡು ಅಂಗಡಿಗೆ ಹೋದೆ. ಅಕ್ಕ ಸಂತೋಷಪಟ್ಟರು, ಅದು ಸುಳ್ಳಲ್ಲ. ಒಂದೇ ಮಾತು ಕೇಳಿದರು.

"ಮಕ್ಕಳು ಏನಂತ ಕರೀತಾರೆ ನಿನ್ನ?"

"ಟೀಚರ್ ಅಂತಾರೆ ಅಕ್ಕ."

"ಟೀಚರ್..." ಎಂದು ತಾವೇ ಒಮ್ಮೆ ಮೆಲ್ಲಗೆ ಹೇಳಿನೋಡಿಕೊಂಡು, ಜೆರಾಕ್ಸ್ ಯಂತ್ರದ ಕಡೆ ತಿರುಗಿದರು.

ಆಮೇಲೆ ಅಂಗಡಿ ಮುಚ್ಚಿತು. ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಅಕ್ಕ ಹಿಂದೂಪುರದ ತಂಗಿಯ ಮನೆಗೆ ಹೋದರು ಎಂದರು ಯಾರೋ. ಇದ್ದಾರೋ, ಹೇಗಿದ್ದಾರೋ... ಅವರ ಫೋನ್ ನಂಬರು ಈಗ ಹತ್ತುವುದಿಲ್ಲ.

ನಿನ್ನೆ ಆ ಹುಡುಗಿ ಕೈ ಚಾಚಿಕೊಂಡು ನಿಂತೇ ಇದ್ದಳು. ನಾನು ರಬ್ಬರನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದೆ.

"ಕೊಡಿ ಟೀಚರ್" ಎಂದಳು.

"ಇನ್ನೊಂದ್ಸಲ ಹಾಗೇ ಕರೆಯಮ್ಮ" ಎಂದೆ.

"ಟೀಚರ್" ಎಂದಳು, ಇನ್ನೂ ಗಟ್ಟಿಯಾಗಿ. ಅಕ್ಕನನ್ನು ಹಾಗೆ ಒಂದು ಮಗುವೂ ಕರೆಯಲಿಲ್ಲ.