ಕೊಂಡಗುರಿಗೆ ಹಾಕಿದ ಬೇಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಮಿಳುನಾಡಿನ ಗಡಿಯ ಅಂಚೆಟ್ಟಿ ಬೆಟ್ಟದ ಕುರುಚಲು ಕಾಡಿನಲ್ಲಿ ದೊಡ್ಡಮುನಿಯಮ್ಮ ಕುಕ್ಕರಗಾಲಿನಲ್ಲಿ ಕೂತು ನೆಲ ನೋಡುತ್ತಿದ್ದಾರೆ. ಎದುರಿಗೆ ಒಂದು ಗುಡ್ಡೆ ಹಿಕ್ಕೆ. ಎಲ್ಲವೂ ಒಣಗಿ ಬೂದಿ ಬಣ್ಣಕ್ಕೆ ತಿರುಗಿವೆ. ಒಂದನ್ನು ಬೆರಳಲ್ಲಿ ಪುಡಿ ಮಾಡಿ, ಕೈ ಕೊಡವಿ ಏಳುತ್ತಾರೆ. ಇವತ್ತೂ ಬಂದಿಲ್ಲ.

ಬರಬೇಕಾದದ್ದು ಕೊಂಡಗುರಿ. ಬಯಲುಸೀಮೆಯ ಚಿಂಕಾರದ ದೂರದ ನೆಂಟ. ಗಂಡಿನ ತಲೆಯ ಮೇಲೆ ನಾಲ್ಕು ಕೊಂಬು. ಹಿಂಡು ಕಟ್ಟದೆ ಒಂಟಿಯಾಗಿ ಬಾಳುವ ಈ ಪ್ರಾಣಿ ಅಪರೂಪವಾಗುತ್ತಿದೆ. ಕಣ್ಣಿಗೆ ಬೀಳುವುದು ಕಡಿಮೆ, ಆದರೆ ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಅಂಥ ಜಾಗಗಳನ್ನು ನೋಡಿ ಬರೆದಿಡುವುದು ಅರಣ್ಯ ಇಲಾಖೆಯ ದಿನಗೂಲಿ ವಾಚರ್ ದೊಡ್ಡಮುನಿಯಮ್ಮನ ಕೆಲಸ.

ದಿನಕ್ಕೆ ಆರು ಜಾಗ, ಹನ್ನೊಂದು ಕಿಲೋಮೀಟರ್ ನಡಿಗೆ. ಹದಿನಾಲ್ಕು ವರ್ಷಗಳಲ್ಲಿ ಕೊಂಡಗುರಿಯನ್ನು ಕಣ್ಣಾರೆ ಕಂಡದ್ದು ಒಂಬತ್ತೇ ಸಲ. ಮನೆಯಲ್ಲೂ ಒಬ್ಬರೇ, ಕಾಡಿನಲ್ಲೂ ಒಬ್ಬರೇ. “ಒಂದೊಂದ್ ದಿನ ಸಂಜೆ ಬಸ್ಸಲ್ಲಿ ಊರ್ ಹೆಸ್ರು ಹೇಳೋಕೋದ್ರೆ ಗಂಟ್ಲೇ ಬರಾಕಿಲ್ಲ” ಎಂದು ನಗುತ್ತಾರೆ. ಕಂಡಕ್ಟರ್ ಈಗ ಕೇಳುವುದನ್ನೇ ಬಿಟ್ಟು, ಚೀಟಿ ಹರಿದು ಕೈಗಿಡುತ್ತಾನೆ.

ಈ ಬೇಸಿಗೆಯಲ್ಲಿ ಅವರಿಂದ ಒಂದು ತಪ್ಪಾಯಿತು. ಮೇಯಲು ಬಂದ ದನಗಳು ಆರರಲ್ಲಿ ಒಂದಾದ ಈ ಜಾಗವನ್ನು ತುಳಿಯುತ್ತಿದ್ದವು. ಹೊಲದ ಸಸಿಗೆ ಹಾಕುವ ಹಾಗೆ, ಒಂದು ಕಡೆ ದಾರಿ ಬಿಟ್ಟು, ಸುತ್ತಲೂ ಕಾರೆಮುಳ್ಳಿನ ಬೇಲಿ ಹಾಕಿದರು. ದನ ಬರುವುದು ನಿಂತಿತು. ಕೊಂಡಗುರಿ ಬರುವುದೂ ನಿಂತಿತು. ಐದನೆಯ ದಿನ ಅರ್ಥವಾಗಿ, ಮುಳ್ಳನ್ನೆಲ್ಲ ಬರಿಗೈಯಲ್ಲಿ ಎಳೆದು ಹಾಕಿದರು.

“ಬೇಸಾಯಗಾರ್ರ ಬುದ್ಧಿ ನೋಡಿ. ಏನ್ ಕಾಪಾಡ್ಬೇಕಂದ್ರೂ ಮೊದ್ಲು ಮುಳ್ಳೇ ನೆಪ್ಪಾಯ್ತದೆ.”

ಈ ಜಾಗದ ಸುತ್ತಲಿನ ಹುಲ್ಲುಬಯಲಲ್ಲಿ ಸಸಿ ನೆಡುವ ಯೋಜನೆಯೊಂದಿದೆ. ಕೊಂಡಗುರಿ ಇದೆ ಎಂಬ ಕಾರಣಕ್ಕೆ ಅದು ಇಷ್ಟು ದಿನ ನಿಂತಿತ್ತು. ತಿಂಗಳ ಕೊನೆಯೊಳಗೆ ಇಲ್ಲಿ ಹೊಸ ಹಿಕ್ಕೆ ಕಾಣದಿದ್ದರೆ ಗುಂಡಿ ತೋಡುತ್ತಾರೆ. ಮರದ ನೆರಳು ಬಿದ್ದರೆ ಹುಲ್ಲು ಉಳಿಯದು. ಆ ಎತ್ತರದ ಹುಲ್ಲೇ ಕೊಂಡಗುರಿ ಅಡಗುವ ಮನೆ. ಉಳಿದಿರುವುದು ನಾಲ್ಕು ದಿನ.

ಜೊತೆಯ ವಾಚರ್ ಅಂಬರೀಶ್ ಸುಲಭದ ದಾರಿ ಹೇಳಿದ್ದಾನೆ. “ಯಕ್ಕಾ, ಹಳ್ಳದ್ ಕಡೆಯಿಂದ ಒಂದ್ ಹಿಡಿ ಹೊಸ ಹಿಕ್ಕೆ ತಂದ್ ಸುರಿ. ಹಿಕ್ಕೆಗೇನ್ ಆಧಾರ್ ಕಾರ್ಡ್ ಐತಾ?” ದೊಡ್ಡಮುನಿಯಮ್ಮ ಮನಸಾರೆ ನಕ್ಕರು. ಆಮೇಲೆ ನೋಟ್‌ಬುಕ್ಕಿನಲ್ಲಿ, ಶಾಲೆಯಲ್ಲಿ ಕಲಿತ ತಮಿಳಿನಲ್ಲಿ, ‘ಇಲ್ಲ’ ಎಂದೇ ಬರೆದರು. ಬೇಲಿ ಹಾಕಿದ್ದು ತಾನೇ ಎಂಬುದನ್ನೂ ಯಾರೂ ಕೇಳದೆ ಬರೆದಿದ್ದಾರೆ. ಒಂದು ದಿನ ಸುಳ್ಳು ಬರೆದರೆ ಹದಿನಾಲ್ಕು ವರ್ಷ ಬರೆದದ್ದನ್ನು ಯಾರು ನಂಬುತ್ತಾರೆ ಎನ್ನುವುದು ಅವರ ಪ್ರಶ್ನೆ.

ಬಿಸಿಲೇರುವ ಹೊತ್ತಿಗೆ ಬೆಟ್ಟದ ಆಚೆಯಿಂದ ಮೇಕೆಗಳ ಸದ್ದು ಕೇಳುತ್ತದೆ. ಅವು ಇಲ್ಲೇ ಮೇಕೆ ಮೇಯಿಸುವ ಕದಿರಮ್ಮನವು. ಬೇಲಿ ಕಿತ್ತ ದಿನದಿಂದ ಆಕೆ ತನ್ನ ನಲವತ್ತು ಮೇಕೆಗಳನ್ನು ಈ ಬಯಲಿಗೆ ಬಿಡದೆ ಬೆಟ್ಟ ಸುತ್ತಿಸಿ ಹೊಡೆದುಕೊಂಡು ಹೋಗುತ್ತಾಳೆ. ಹಾಗೆ ಮಾಡೆಂದು ಯಾರೂ ಹೇಳಿಲ್ಲ. ದೊಡ್ಡಮುನಿಯಮ್ಮ ಸದ್ದು ಬಂದ ಕಡೆಗೆ ಒಮ್ಮೆ ಕೈ ಎತ್ತುತ್ತಾರೆ, ಆಕೆಗೆ ಕಾಣದಿದ್ದರೂ.

ನಾಲ್ಕು ದಿನ ಕಳೆದ ಮೇಲೆ ಏನು ಎಂದರೆ, ಹುಲ್ಲಿನ ಕಡೆ ನೋಡುತ್ತಾ ಹೇಳುತ್ತಾರೆ.

“ಬೇಲಿ ಹಾಕಿದ್ದು ಅದಕ್ಕೆ ಗೊತ್ತಾಯ್ತು. ತೆಗೆದಿದ್ದೂ ಗೊತ್ತಾಗ್ಬೇಕಲ್ಲ. ಅಲ್ಲೀಗಂಟ ಬತ್ತಾ ಇರ್ತೀನಿ.”